ಮೆಮ್‌ಮೇಕರೋ, ಕೈಯಲ್ಲಿ ಬರೆದ ಕಾನ್ಫಿಗ್.ಸಿಸ್ಸೋ?

ಗಂಗಾವತಿಯ ರೈಸ್‌ಮಿಲ್ಲೊಂದರ ವೇ ಬ್ರಿಡ್ಜ್ ಕ್ಯಾಬಿನ್ನಿನಲ್ಲಿ ನಾನು ನೋಡಿಕೊಳ್ಳುವ 486 ಪ್ರೊಸೆಸರಿನ ಹಳೇ ಪಿಸಿ ಒಂದು ಇವತ್ತಿಗೂ ಓಡುತ್ತಿದೆ. ಡಾಸ್ 6.22 ಆಪರೇಟಿಂಗ್ ಸಿಸ್ಟಂ, ಕಾಂ (ಸೀರಿಯಲ್) ಪೋರ್ಟಿಗೆ ತೂಕದ ಇಂಡಿಕೇಟರ್, ಪಕ್ಕದಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಅದರ ಮೆಮೊರಿ ಹೊಂದಿಸಲು ಎರಡು ದಾರಿ: ತಾನೇ ಹೊಂದಿಸಿಕೊಡುವ ಮೆಮ್‌ಮೇಕರ್ ಎಂಬ ಟೂಲು, ಇಲ್ಲವೇ ಬೂಟ್ ಆಗುವಾಗ ಯಾವ ಡ್ರೈವರ್ ಎಲ್ಲಿ ಲೋಡ್ ಆಗಬೇಕೆಂದು ಹೇಳುವ ಕಾನ್ಫಿಗ್.ಸಿಸ್ ಫೈಲನ್ನು ನಾವೇ ಬರೆಯುವುದು. ಎರಡನ್ನೂ ಹಿಡಿದು ನೋಡಿದೆ. ನನ್ನ ಓಟು ಕೈಬರಹಕ್ಕೇ.

ಆಫೀಸಿಗೆ ಜೋಡಿಸಲು ಹಳೇ ನೆಟ್‌ವರ್ಕ್ ಕಾರ್ಡ್ ಹಾಕಿದ್ದೇ ತಾಪತ್ರಯ ಶುರು. ರ‍್ಯಾಮ್ 8 ಎಂಬಿ ಇದ್ದರೇನು, ತೂಕದ ಪ್ರೋಗ್ರಾಮಿಗೆ ಬೇಕಾದದ್ದು ಮೊದಲ 640 ಕೆಬಿಯೊಳಗಿನ ಜಾಗ. ಕಾರ್ಡಿನ ಡ್ರೈವರ್ ಬಂದ ಮೇಲೆ ಅಲ್ಲಿ ಉಳಿದದ್ದು 531. 560 ಇಲ್ಲದೆ ಅದು ತೆರೆಯದು.

ಮೆಮ್‌ಮೇಕರ್ ಡಾಸ್ ಜೊತೆಗೇ ಬರುತ್ತದೆ, ಖರ್ಚಿಲ್ಲ. ಒಂದೆರಡು ಸಲ ರೀಬೂಟ್ ಆಗಿ 604 ತೋರಿಸಿತು. ಅಪ್ಪರ್ ಮೆಮೊರಿಯನ್ನು (640 ಕೆಬಿಯಿಂದ 1 ಎಂಬಿವರೆಗಿನ, ಡ್ರೈವರ್‌ಗಳನ್ನು ಸರಿಸಿ ಕೂರಿಸುವ ಜಾಗ) ಇನ್ನಷ್ಟು ಜಾಲಾಡಲೇ ಎಂಬ ಪ್ರಶ್ನೆಗೆ ನಾನು ಹೌದು ಎಂದಿದ್ದೆ. ಆ ಜಾಗವನ್ನು ನೋಡಿಕೊಳ್ಳುವ ಇಎಂಎಂ386 ಡ್ರೈವರಿನ ಸಾಲಿಗೆ, ಹೀಗೆ ಜಾಲಾಡು ಎನ್ನುವ ಹೈಸ್ಕ್ಯಾನ್ ಸೇರಿತು.

ಮರುದಿನ ಭತ್ತದ ಲಾರಿ ತೂಕಕ್ಕೆ ನಿಂತಿದೆ. ಪ್ರಿಂಟರ್ ಲಾರಿ ನಂಬರ್ ಹೊಡೆದು ಅಲ್ಲೇ ನಿಂತಿತು. ತೂಕದ ಜಾಗ ಖಾಲಿ. ಕೀಬೋರ್ಡೂ ಸತ್ತಿತ್ತು. ರೀಸೆಟ್ ಮಾಡಿದರೆ ಎರಡನೇ ಚೀಟಿಗೂ ಅದೇ ಗತಿ. "ಅಣ್ಣಾ, ಚೀಟಿ ಕೊಡ್ರಿ, ಹಿಂದ ಮೂರು ಗಾಡಿ ನಿಂತಾವ" ಎಂದು ಡ್ರೈವರ್ ಕಿಟಕಿ ಬಡಿಯುತ್ತಿದ್ದ. ಅಂದು ಉಳಿದ ಚೀಟಿಗಳನ್ನೆಲ್ಲ ಕೈಯಲ್ಲೇ ಬರೆದೆವು.

ರಾತ್ರಿ ಎಫ್8 ಒತ್ತಿ ಒಂದೊಂದೇ ಸಾಲು ಬಿಡುತ್ತಾ ಬೂಟ್ ಮಾಡಿದೆ. ನೆಟ್‌ವರ್ಕ್ ಡ್ರೈವರ್ ಲೋಡ್ ಮಾಡದಿದ್ದರೆ ಎಲ್ಲ ಸರಿ. ಆ ಕಾರ್ಡಿಗೆ ಅಪ್ಪರ್ ಮೆಮೊರಿಯಲ್ಲಿ ಡಿ000 ವಿಳಾಸದಿಂದ 16 ಕೆಬಿ ಬೇಕು. ಆದರೆ ತನ್ನ ಡ್ರೈವರ್ ಲೋಡ್ ಆಗುವವರೆಗೆ ಅದು ಅಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಇಎಂಎಂ386 ಹುಡುಕಿದ ಹೊತ್ತಿಗೆ ಜಾಗ ಖಾಲಿ ಕಂಡಿತ್ತು, ಅಲ್ಲಿ ಬೇರೆಯದನ್ನು ಕೂರಿಸಲಾಗಿತ್ತು. ಮೆಮ್‌ಮೇಕರನ್ನು /ಅನ್‌ಡೂ ಕೊಟ್ಟು ಹಿಂತೆಗೆದು, ನಾನೇ ಇಎಂಎಂ386 ಸಾಲಿನಲ್ಲಿ ಈ ಜಾಗ ಮುಟ್ಟಬೇಡ ಎನ್ನುವ ಎಕ್ಸ್=ಡಿ000-ಡಿ3ಎಫ್‌ಎಫ್ ಎಂದು ಬರೆದೆ. ಆಮೇಲೆ ಒಂದು ಚೀಟಿಯೂ ನಿಂತಿಲ್ಲ.

ಅದೇ ಸಾಲಿಗೆ ನೋಇಎಂಎಸ್ ಹಾಕಿದರೆ, ಎಕ್ಸ್‌ಪ್ಯಾಂಡೆಡ್ ಮೆಮೊರಿಗೆಂದು ಕಾದಿಡುವ 64 ಕೆಬಿ ಪೇಜ್ ಫ್ರೇಮಿನ ಜಾಗ ಡ್ರೈವರ್‌ಗಳಿಗೆ ಸಿಗುತ್ತದೆ, ಎರಡೂ ದಾರಿಯಲ್ಲಿ ಅಷ್ಟೇ ಲಾಭ. ಕ್ಯೂಇಎಂಎಂ ಎಂಬ ಇಂಥದೇ ಇನ್ನೊಂದು ಟೂಲು ದುಡ್ಡು ಕೊಟ್ಟು ಕೊಳ್ಳಬೇಕಾಗಿದ್ದದ್ದು, ಅದರ ಗೋಜಿಗೆ ಹೋಗಲಿಲ್ಲ.

ಕೈಯಲ್ಲಿ ಬರೆಯುವಾಗ ಸಾಲುಗಳ ಕ್ರಮವೂ ನಮ್ಮದೇ. ದೊಡ್ಡ ಡ್ರೈವರನ್ನು ಡಿವೈಸ್‌ಹೈ ಸಾಲಿನಿಂದ ಮೊದಲು ಅಪ್ಪರ್ ಮೆಮೊರಿಗೆ ಹಾಕಿದೆ. ಎಷ್ಟೋ ಡ್ರೈವರ್‌ಗಳಿಗೆ ಕೂರುವ ಜಾಗಕ್ಕಿಂತ ಲೋಡ್ ಆಗುವಾಗಿನ ಜಾಗ ಹೆಚ್ಚು ಬೇಕು. ಮೌಸ್ ಮತ್ತು ಸಿಡಿ ಡ್ರೈವರ್ ಕಿತ್ತೇ ಹಾಕಿದೆ. ವೇ ಬ್ರಿಡ್ಜಿನಲ್ಲಿ ಮೌಸ್ ಮುಟ್ಟುವವರಿಲ್ಲ ಎಂಬುದು ಟೂಲಿಗೆ ಹೇಗೆ ತಿಳಿಯಬೇಕು? ಮೆಮೊರಿಯ ಲೆಕ್ಕ ಕೊಡುವ ಮೆಮ್ /ಸಿ ಆಜ್ಞೆ ಈಗ 611 ಕೆಬಿ ಖಾಲಿ ತೋರಿಸುತ್ತದೆ.

ಇದಕ್ಕೆ ನನ್ನ ಎರಡು ಸಂಜೆ ಹೋದವು. ಒಂದೇ ಕಾರ್ಡು, ಒಂದೇ ಕೆಲಸದ ಪಿಸಿ ಇದ್ದು, ಒಂದೊಂದು ಸಾಲೂ ಓದುವ ರೂಢಿ ಇದ್ದವರಿಗೆ ಅದು ಹೆಚ್ಚಲ್ಲ. ಕಾನ್ಫಿಗ್.ಸಿಸ್, ಆಟೋಎಕ್ಸೆಕ್.ಬ್ಯಾಟ್ ಎರಡೂ ಫೈಲು ಪ್ರಿಂಟ್ ಹೊಡೆದು ಕ್ಯಾಬಿನ್ ಬಾಗಿಲ ಒಳಗೆ ಅಂಟಿಸಿದ್ದೇನೆ, ಎಕ್ಸ್= ಸಾಲಿನ ಕೆಳಗೆ ಕೆಂಪು ಗೆರೆ ಎಳೆದು.