ಕಾಲಲ್ಲಿ ತುಳಿಯುವ ಸ್ಯಾನಿಟೈಸರ್ ಸ್ಟ್ಯಾಂಡ್: ಹೈಸ್ಕೂಲಿಗೆ ತರಿಸಬಹುದಾ?

ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ವರದಿಯಾದದ್ದು ಕಲಬುರಗಿಯಿಂದ. ಆಗ ಭಯವೇ ಎಲ್ಲರ ಕೈ ತೊಳೆಸಿತು. 2021ರ ಜನವರಿ 1ಕ್ಕೆ ಹತ್ತನೇ ತರಗತಿ ಮತ್ತೆ ಶುರುವಾದಾಗ ಆ ಭಯ ಕರಗಿತ್ತು. ಹದಿನೈದರ ಹುಡುಗರನ್ನು ಹೆದರಿಸಿ ಬಹಳ ದಿನ ನಡೆಸಲಾಗದು. ಗೆಳೆಯರು ಮಾಡ್ತಾರಾ, ಸರ್ ತಾವೂ ಮಾಡ್ತಾರಾ, ಹೋಗುವ ದಾರಿಯಲ್ಲೇ ಸಿಗುತ್ತದಾ ಅಂತ ನೋಡುತ್ತಾರೆ. ಸ್ಟ್ಯಾಂಡನ್ನೂ ಇದೇ ಲೆಕ್ಕದಲ್ಲಿ ಅಳೆಯಬೇಕು.

ಪೆಡಲ್ ತುಳಿದರೆ ಸರಳು ಕೆಳಗೆ ಜಗ್ಗಿ, ಮೇಲಿನ ಪಟ್ಟಿ ಬಾಟಲಿಯ ಪಂಪನ್ನು ಒತ್ತುತ್ತದೆ. ಕೆಡುವುದು ಇಲ್ಲಿಯೇ. ಬಾಟಲಿ ಗಿಡ್ಡವಾಗಿದ್ದರೆ ಪಟ್ಟಿ ಪಂಪನ್ನು ಅರ್ಧ ಮಾತ್ರ ಒತ್ತಿ, ನಾಲ್ಕು ಹನಿ ಬೀಳುತ್ತದೆ. ಕೆಮ್ಮಿನ ಔಷಧದ ಅಳತೆ ಮುಚ್ಚಳ ಹಿಡಿದು ಒಮ್ಮೆ ತುಳಿದು ನೋಡಿ: 2–3 ಮಿ.ಲೀ. ಬರದಿದ್ದರೆ ಬಾಟಲಿ ಕೂರುವ ತಟ್ಟೆಯನ್ನು ಏರಿಸಿ. ಜೆಲ್ ಮೂತಿಯಲ್ಲಿ ಒಣಗಿ ಗಟ್ಟಿಯಾದರೆ ಪಿಚಕಾರಿಯ ಹಾಗೆ ಅಡ್ಡಕ್ಕೆ ಸಿಡಿದು ಕಣ್ಣಿಗೆ ಬೀಳುತ್ತದೆ. ಕುಳ್ಳಗಿನ ಮಕ್ಕಳ ಮುಖ ಮೂತಿಗೆ ಇನ್ನೂ ಹತ್ತಿರವಿರುತ್ತದೆ. ಮೂತಿಯನ್ನು ದಿನಾ ಸಂಜೆ ಬಿಸಿನೀರಲ್ಲಿ ಒರೆಸಿ. ಏರುಪೇರಿನ ಶಹಾಬಾದಿ ಫರಸಿಯ ಮೇಲೆ ನಾಲ್ಕು ಕಾಲಿನ ಸ್ಟ್ಯಾಂಡ್ ಅಲ್ಲಾಡುತ್ತದೆ, ಬುಡಕ್ಕೆ ರಬ್ಬರ್ ತುಂಡು ಕೊಡಿ.

ಖರ್ಚೂ ಕಡಿಮೆಯಲ್ಲ. ಸಲಕ್ಕೆ 3 ಮಿ.ಲೀ. ಹಿಡಿದರೆ 500 ಮಿ.ಲೀ. ಬಾಟಲಿ 166 ಸಲಕ್ಕೆ ಮುಗಿಯಿತು. ಅರವತ್ತು ಮಕ್ಕಳ ಕ್ಲಾಸು ದಿನಕ್ಕೆ ಮೂರು ಸಲ ಬಳಸಿದರೆ ಒಂದು ಬಾಟಲಿ ಸಾಲದು. ಆಗ ಶುರುವಾಗುವುದೇ ನೀರು ಬೆರೆಸುವ ಚಾಳಿ. ಶೇ. 70ರ ಆಲ್ಕೋಹಾಲಿಗೆ ಅಷ್ಟೇ ನೀರು ಸುರಿದರೆ ಸುಮಾರು ಶೇ. 35 ಉಳಿಯುತ್ತದೆ, ಬೇಕಾದದ್ದು ಕನಿಷ್ಠ ಶೇ. 60. ವಾಸನೆ ಇರುತ್ತದೆ, ಕೆಲಸ ಇರುವುದಿಲ್ಲ. ಕೈ ಒಣಗಲು ತಡವಾದ ಕೂಡಲೇ ಹುಡುಗರಿಗೆ ಗೊತ್ತಾಗುತ್ತದೆ, “ಬರೇ ನೀರೈತಿ ಲೇ” ಅಂತ ಒಬ್ಬ ಅಂದರೆ ಮರುದಿನದಿಂದ ಇಡೀ ಬೆಂಚು ತುಳಿಯುವುದನ್ನು ಬಿಡುತ್ತದೆ. ಪೋಸ್ಟರ್ ಎಷ್ಟು ಅಂಟಿಸಿದರೂ ಅಷ್ಟೇ.

ಗೇಟಿನಲ್ಲಿ ಇಟ್ಟರೆ ಗಂಟೆ ಬಾರಿಸುವ ಹೊತ್ತಿಗೆ ಸಾಲು ಕಟ್ಟಿ, ಅರ್ಧ ಜನ ನುಸುಳುತ್ತಾರೆ. ಕ್ಲಾಸಿನ ಬಾಗಿಲ ಒಳಗೆ, ಬಿಸಿಲು ಬೀಳದ ಕಡೆ ಇಡಿ. ಪಾಠಕ್ಕೆ ಬರುವ ಮೇಡಂ ಮೊದಲು ತಾವೇ ತುಳಿಯಲಿ.

ಬಿಸಿಯೂಟದ ಮುಂಚೆ ಮಾತ್ರ ಇದು ಬೇಡ: ಮಣ್ಣು, ಎಣ್ಣೆ ಮೆತ್ತಿದ ಕೈಗೆ ಸೋಪೇ ಬೇಕು, 20 ಸೆಕೆಂಡ್. ಬೋರಿನ ಸವಳು ನೀರಲ್ಲಿ ನೊರೆ ಏಳುವುದು ಕಷ್ಟ, ಲಿಕ್ವಿಡ್ ಸೋಪ್ ವಾಸಿ. ದುಡ್ಡು ಕಡಿಮೆ ಇದ್ದರೆ ಮೊದಲು ನಲ್ಲಿಗಳನ್ನು ಹೆಚ್ಚಿಸಿ, ಸ್ಟ್ಯಾಂಡ್ ಆಮೇಲೆ.