ಟಿ.ಪಿ. ನೋಡಿ ರೊಟ್ಟಿ ತಟ್ಟುವ ಖಾನಾವಳಿ

ನಾನು ಬಾಡಿಗೆ ಕಾರಿನ ಡ್ರೈವರ್. ದೊಡ್ಡ ನಾಯಕರು ಬೆಳಗಾವಿಗೆ ಬಂದರೆ ನಮ್ಮ ಊಟ ಅವರ ಟಿ.ಪಿ. ಮೇಲೆ ನಿಂತಿರುತ್ತದೆ. ಟಿ.ಪಿ. ಅಂದರೆ ಪ್ರವಾಸದ ಪಟ್ಟಿ. ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇಳಿಯುವುದು ಎಷ್ಟಕ್ಕೆ, ವೇದಿಕೆ ಎಷ್ಟಕ್ಕೆ, ಎಲ್ಲಾ ನಿಮಿಷದ ಲೆಕ್ಕ. ಡ್ರೈವರ್ ಊಟಕ್ಕೆ ಮಾತ್ರ ಒಂದು ಸಾಲೂ ಇರಲ್ಲ.

2023ರ ಫೆಬ್ರವರಿ 27 ನೆನಪಿದೆ ಅಲ್ವಾ? ಪ್ರಧಾನಿ ಮೋದಿ ಅವರು ಮೊದಲು ಶಿವಮೊಗ್ಗದಲ್ಲಿ ವಿಮಾನ ನಿಲ್ದಾಣ ಉದ್ಘಾಟಿಸಿ, ಆಮೇಲೆ ಇಲ್ಲಿಗೆ ಬಂದರು. ರೋಡ್ ಶೋ, ರೈಲು ನಿಲ್ದಾಣ, ಪಿಎಂ ಕಿಸಾನ್ 13ನೇ ಕಂತು, ಎಲ್ಲಾ ಒಂದೇ ದಿನ. ನನಗೆ ಅವತ್ತು ಎರಡು ಬಾಳೆಹಣ್ಣು.

ಆಮೇಲೆ ಸಿಕ್ಕಿದ್ದು ಸುವರ್ಣ ವಿಧಾನಸೌಧದ ಕಡೆ ಇರುವ ಈ ಖಾನಾವಳಿ. ಬೋರ್ಡ್ ಕೂಡ ಇಲ್ಲ. ಅಕ್ಕಾರು ಮೊದಲು ಕೇಳುವುದೇ, "ಸಾಹೇಬ್ರು ಎಷ್ಟಕ್ಕ ಹೊಂಡ್ತಾರ್ರೀ?" ಹತ್ತು ನಿಮಿಷ ಅಂದರೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಅರ್ಧ ಗಂಟೆ ಅಂದರೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕೆನೆ ಮೊಸರು. ಬದನೆಕಾಯಿ ತೊಟ್ಟು ಹಿಡಿದು ಎತ್ತಿದರೆ ಮಸಾಲೆ ರೊಟ್ಟಿ ಮೇಲೆ ಜಾರುತ್ತದೆ.

ಝುಣಕಕ್ಕೆ ಖಾರ ಜಾಸ್ತಿ. ಕೈ ತೊಳೆಯುವ ನಲ್ಲಿ ಸುಮ್ನೆ ಸೋರುತ್ತಿರುತ್ತದೆ. ಅಧಿವೇಶನದ ವಾರ ಹೋಗುವುದಾದರೆ ಕಾರು ದೂರ ನಿಲ್ಲಿಸಿ, ಬ್ಯಾರಿಕೇಡ್ ಹಾಕಿದರೆ ಸಂಜೆವರೆಗೂ ಹೊರಗೆ ಬರಲ್ಲ.