ಟೈಪ್‌ಸ್ಕ್ರಿಪ್ಟ್: ಒಂದ್ ವರ್ಷ ವಾಪರಿಸಿ ಬರ್ಯಾಕತ್ತೀನಿ

ಬೆಳಗಾವಿ ಖಡೇಬಜಾರದಾಗ ಒಂದ್ ಕುಂದಾ ಅಂಗಡಿಗೆ ಬಿಲ್ಲಿಂಗ್ ಆ್ಯಪ್ ಮಾಡಿ ಕೊಟ್ಟೀನ್ರಿ, ಮೊದ್ಲ ಪೂರಾ ಜಾವಾಸ್ಕ್ರಿಪ್ಟ್ ಅನ್ನೂ ಪ್ರೋಗ್ರಾಮಿಂಗ್ ಭಾಷಾದಾಗ ಬರ್ದಿದ್ದೆ. ದೀಪಾವಳಿ ಗದ್ದಲದಾಗ ಅಜ್ಜಾರೊಬ್ರು 1 ಕಿಲೋ ಕುಂದಾ ತಗೊಂಡು, ಇನ್ನ ಅರ್ಧ ಕಿಲೋ ಹಾಕಂದ್ರು, ಹುಡುಗ ಅರ್ಧ ಕಿಲೋ ಬಟನ್ ಒತ್ತಿದ, ಬಿಲ್ಲಿನ್ಯಾಗ ಬಂದದ್ದು 10.5 ಕಿಲೋ! ಮಾಲಕರು ಫೋನ್ ಮಾಡಿ "ತಮ್ಮಾ, ಒಂದೂವರಿ ಹೋಗಿ ಹತ್ತೂವರಿ ಹೆಂಗಾತೋ?" ಅಂದ್ರು. ಭಾಳ ಕೆಟ್ಟ ಅನ್ನಿಸ್ತು, ಅಜ್ಜಾರು ರೊಕ್ಕ ಕೈಯಾಗ ಹಿಡ್ಕೊಂಡು ಹಂಗ ನಿಂತಿದ್ರಂತ.

ಕಾರಣ ಇಷ್ಟ, ಇನ್‌ಪುಟ್ ಬಾಕ್ಸಿನಿಂದ ಬರೂ ತೂಕ ನಂಬರ್ ಅಲ್ಲ, ಸ್ಟ್ರಿಂಗ್, ಅಂದ್ರ ಬರೇ ಅಕ್ಷರದ ಸಾಲು. ಸ್ಟ್ರಿಂಗ್ "1"ಕ್ಕ 0.5 ಕೂಡ್ಸಿದ್ರ ಜಾವಾಸ್ಕ್ರಿಪ್ಟ್ ಎರಡನ್ನೂ ಬಾಜೂಕ ಬಾಜೂಕ ಅಂಟಿಸಿ "10.5" ಮಾಡ್ತೈತಿ, ಎರರ್ ಸೈತ ಕೊಡಂಗಿಲ್ಲ.

ಆಮ್ಯಾಲೆ ಟೈಪ್‌ಸ್ಕ್ರಿಪ್ಟ್‌ಗೆ ಬಂದೆ, ಅಂದ್ರ ಜಾವಾಸ್ಕ್ರಿಪ್ಟ್‌ಗೆ ಟೈಪ್ (ಇದು ನಂಬರ್, ಇದು ಸ್ಟ್ರಿಂಗ್ ಅನ್ನೂ ಗುರ್ತು) ಸೇರ್ಸಿದ ಭಾಷಾ. ಮೈಕ್ರೋಸಾಫ್ಟ್‌ನವರು 2012ರಾಗ ಹೊರಗ ಬಿಟ್ಟದ್ದು, ವಾಪರಿಸಾಕ ರೊಕ್ಕ ಕೊಡೂದು ಬೇಕಿಲ್ಲ. ಒಟ್ಟು ತೂಕ ನಂಬರ್ ಇರಬೇಕು ಅಂತ ಬರದಿಟ್ಟೆ ನೋಡ್ರಿ, ಅದs ಸಾಲಿನ ಕೆಳಗ ಕೆಂಪ ಗೆರಿ ಬಂತು, ಸ್ಟ್ರಿಂಗ್ ತಂದು ನಂಬರಿನ ಜಾಗಾದಾಗ ಇಡಾಕ ಬರಂಗಿಲ್ಲ ಅಂತ. ದೀಪಾವಳಿದಿನ ಅಂಗಡ್ಯಾಗ ಸಿಕ್ಕ ತಪ್ಪು ಈಗ ನಮ್ಮನಿ ಟೇಬಲ್ ಮ್ಯಾಲೇನ ಸಿಗತೈತಿ. ನನಗ ಭಾಳ ಸೇರಿದ್ದು ಇನ್ನೊಂದೈತಿ. ಮಾರೂ ಅಳತಿ 'ಕಿಲೋ' ಇಲ್ಲಾ 'ಪೀಸ್' ಎರಡ ಅಂತ ಟೈಪ್ ಮಾಡಿದ್ದೆ, ಎಲ್ಲಾ ಅಳತಿ ಮುಗದಾವೋ ಇಲ್ಲೋ ಅಂತ ನೋಡೂ ನೆವರ್ ಚೆಕ್ ಸುದ್ದಾ ಹಾಕಿದ್ದೆ, ಕರದಂಟಿನ ಸಲುವಾಗಿ 'ಬಾಕ್ಸ್' ಸೇರ್ಸಿದ ಕೂಡ್ಲೆ ಎಲ್ಲೆಲ್ಲಿ ಬಾಕ್ಸಿನ ರೇಟ್ ಲೆಕ್ಕ ಮಾಡಿಲ್ಲೋ ಅಲ್ಲೆಲ್ಲಾ ತಾನಾ ತೋರಿಸ್ತು, ನಾ ಹುಡುಕೂ ಕೆಲಸಾನ ಇರಲಿಲ್ಲ.

ಚೆಕಿಂಗ್ ಬಿಗಿ ಮಾಡೂ ಸ್ಟ್ರಿಕ್ಟ್ ಸೆಟ್ಟಿಂಗ್ ಮಾತ್ರ ಮೊದಲನೇ ದಿನಾನ ಆನ್ ಮಾಡ್ರಿ, ಆಫ್ ಇದ್ರ ಗಿರಾಕಿ ಹೆಸರು ಯಾದಿಯಾಗ ಸಿಗಲಿಲ್ಲಂದ್ರ ಬರೂ ಅನ್‌ಡಿಫೈನ್ಡ್ (ಏನೂ ಇಲ್ಲ ಅನ್ನೂ ಗುರ್ತು) ಹಿಡಿಯಂಗಿಲ್ಲ.

ಒಂದ್ ಸ್ಟಾರ್ ಕಡಿಮಿ ಯಾಕಂದ್ರ, ಕಂಪೈಲ್ ಆದ್ಮ್ಯಾಲೆ, ಅಂದ್ರ ಟೈಪ್‌ಸ್ಕ್ರಿಪ್ಟ್ ಹೋಗಿ ಜಾವಾಸ್ಕ್ರಿಪ್ಟ್ ಆದ್ಮ್ಯಾಲೆ, ಟೈಪ್ ಎಲ್ಲಾ ಅಳಿಸಿ ಹೋಗ್ತಾವ, ಸರ್ವರಿಂದ ಏನ್ ಬಂತು ಅನ್ನೂದನ್ನ ನಾವ ಚೆಕ್ ಮಾಡ್ಬೇಕು. ಸರ್ವರಿಂದ ಬಂದ ಜೇಸನ್ ಮಾಹಿತಿನ ಪಾರ್ಸ್ ಮಾಡಿದ್ರ (ಬಿಡಿಸಿ ಓದಿದ್ರ) 'ಎನಿ', ಅಂದ್ರ ಏನ್ ಬೇಕಾದ್ರೂ ಇರಬಹುದು ಅನ್ನೂ ಟೈಪ್ ಕೊಡತೈತಿ, ಎನಿ ಬಂದಲ್ಲಿ ಚೆಕಿಂಗ್ ಬಂದ್. ಇನ್ನ ಖಾಲಿ ಬಾಕ್ಸಿಗೆ ಪಾರ್ಸ್‌ಫ್ಲೋಟ್ (ಸ್ಟ್ರಿಂಗ್ ತಗೊಂಡು ನಂಬರ್ ಮಾಡೂದು) ಹಾಕಿದ್ರ ಬರೂ ನ್ಯಾನ್ (ನಂಬರ್ ಅಲ್ಲ ಅನ್ನೂ ಗುರ್ತು) ಸುದ್ದಾ ಟೈಪಿನ ಲೆಕ್ಕದಾಗ ನಂಬರೇ, ಅದನ್ನ ಬೇರೆ ನೋಡ್ಕೋಬೇಕು.

5ಕ್ಕ 4. ಹಳೇ ಕೋಡ್ ಪೂರಾ ಒಮ್ಮೆಲೆ ಬದಲಿ ಮಾಡಬ್ಯಾಡ್ರಿ, ಒಂದೊಂದ ಫೈಲ್ ಮಾಡಾಕ ಬರತೈತಿ. ನಾ ರೊಕ್ಕದ ಲೆಕ್ಕ ಇರೂ ಫೈಲಿಂದ ಸುರು ಮಾಡಿದೆ, ಪ್ರಿಂಟರಿನ ಫೈಲ್ ಇನ್ನೂ ಜಾವಾಸ್ಕ್ರಿಪ್ಟ್‌ನಾಗs ಐತಿ.